ಕಂಬದಕ್ಕನ ಎರಡನೆಯ ತೊಳೆತ

ಕಂಬದಕ್ಕನಿಗೆ ಆ ಹೆಸರು ಬಂದದ್ದು ಅವಳು ಕಾರ್ಖಾನೆಯಲ್ಲಿ ನೋಡಿಕೊಳ್ಳುತ್ತಿದ್ದ ಕಂಬದಿಂದ. ಕಂಬವೆಂದರೆ ಸೂರು ಹೊರುವ ಕಂಬವಲ್ಲ. ಒಂದು ಮೀಟರು ಅಗಲದ, ಎದೆಯೆತ್ತರದ, ದಪ್ಪ ಗಾಜಿನ ಕೊಳವೆ. ಅದರೊಳಗೆ ಮೊಣಕಾಲೆತ್ತರಕ್ಕೆ, ಮರಳಿಗಿಂತ ಸಣ್ಣನೆಯ ಬಿಳಿ ಮಣಿಗಳು. ಕೆನೆ ತೆಗೆದ ತಣ್ಣನೆಯ ಹಾಲನ್ನು ಮೇಲಿನಿಂದ ಬಿಟ್ಟರೆ, ಅದರಲ್ಲಿರುವ ಬಗೆಬಗೆಯ ಪ್ರೋಟೀನುಗಳಲ್ಲಿ ಒಂದೇ ಒಂದು ಬಗೆ ಮಣಿಗಳಿಗೆ ಅಂಟಿಕೊಂಡು ಉಳಿಯುತ್ತಿತ್ತು. ಮಿಕ್ಕ ಹಾಲು ಹಾಲಾಗಿಯೇ ಕೆಳಗಿನಿಂದ ಹೊರಟು ಪಕ್ಕದ ಹಾಲುಪುಡಿಯ ಕಾರ್ಖಾನೆಗೆ ಹೋಗುತ್ತಿತ್ತು. ನೀರು ಬಿಟ್ಟು ಹಾಲನ್ನು ತೊಳೆದು ತೆಗೆದ ಮೇಲೆ ಮಣಿಗಳ ನಡುವೆ ಗುಲಾಬಿ ಬಣ್ಣದ ಪಟ್ಟಿಯೊಂದು ಕಾಣುತ್ತಿತ್ತು. ಅದೇ ಆ ಪ್ರೋಟೀನು. ಆಮೇಲೆ ಗಟ್ಟಿಯಾದ ಉಪ್ಪುನೀರು ಬಿಟ್ಟರೆ ಅದು ಮಣಿಯ ಕೈಬಿಟ್ಟು ಹೊರಗೆ ಹರಿದು ಬರುತ್ತಿತ್ತು. ಉಪ್ಪನ್ನು ಸೋಸಿ ತೆಗೆದು ಒಣಗಿಸಿದರೆ ಗುಲಾಬಿ ಪುಡಿ. ಹತ್ತು ಸಾವಿರ ಲೀಟರು ಹಾಲಿಗೆ ಸಿಗುವುದು ಮುಕ್ಕಾಲು ಕೆಜಿ. ಎಳೆಗೂಸುಗಳ ಆಹಾರಕ್ಕೆ ಬೆರೆಸುವ ವಸ್ತುವಾದ್ದರಿಂದ ಅದಕ್ಕೆ ಬಂಗಾರದಷ್ಟು ಮರ್ಯಾದೆ.

ಕಂಬದಕ್ಕ ಆ ಕಾರ್ಖಾನೆಗೆ ಸೇರಿದ್ದು ಸೀಸೆ ತೊಳೆಯುವ ಕೆಲಸಕ್ಕೆ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಆಗ ಕಂಬಗಳೇ ಇರಲಿಲ್ಲ. ಬೆರಳು ಗಾತ್ರದ ಗಾಜಿನ ಕೊಳವೆಗಳಲ್ಲಿ ಚಮಚದಷ್ಟು ಪ್ರೋಟೀನು ತೆಗೆದು ಎಲ್ಲರೂ ಹಿಗ್ಗುತ್ತಿದ್ದ ಕಾಲ. ಆ ಕೊಳವೆಗಳ ಯಜಮಾನನೊಬ್ಬನಿದ್ದ, ಮುಂದಿನ ಎರಡು ಹಲ್ಲಿಲ್ಲದ ಮುದುಕ. ಎಲ್ಲರೂ ಅವನನ್ನು ಕೊಳವೆ ಅಜ್ಜ ಎನ್ನುತ್ತಿದ್ದರು. ಸೀಸೆಯ ತಳವನ್ನು ಬೆಳಕಿಗೆ ಹಿಡಿದು ಮೂರು ಮೂರು ಸಲ ನೋಡುವ ಹುಡುಗಿಯನ್ನು ಕಂಡು, ಇವಳು ನನ್ನ ಕೆಲಸಕ್ಕೆ ಆಗುತ್ತಾಳೆ ಎಂದು ಕರೆದುಕೊಂಡ. ಮಣಿಗಳನ್ನು ನೀರಿನಲ್ಲಿ ಕದಡಿ ಒಂದೇ ಉಸಿರಿಗೆ ಸುರಿಯಬೇಕು, ನಡುವೆ ನಿಲ್ಲಿಸಿದರೆ ಪದರ ಬೀಳುತ್ತದೆ; ಒಂದು ಗಾಳಿಗುಳ್ಳೆ ಉಳಿದರೂ ಹಾಲು ಕಳ್ಳದಾರಿ ಹಿಡಿದು ಮಣಿಗಳನ್ನು ಮುಟ್ಟದೆ ಇಳಿದು ಹೋಗುತ್ತದೆ; ಇದೆಲ್ಲ ಅವನು ಕಲಿಸಿದ್ದು. ಕಾರ್ಖಾನೆಗೆ ದೊಡ್ಡ ಕಂಬಗಳು ಬಂದ ದಿನ ಅವನು ಅವಳ ಪಕ್ಕ ನಿಂತು, "ನೋಡು ಮಗಾ, ಸಣ್ಣದ್ರಲ್ಲಿ ನಿಜ ಹೇಳಿದ್ದು ದೊಡ್ಡದಾದ್ಮೇಲೂ ನಿಜ ಹೇಳುತ್ತೆ ಅಂತ ನಂಬ್ಕೋಬೇಡ. ದೊಡ್ಡದ್ರ ಮೇಲೆ ಯಾವಾಗ್ಲೂ ಒಂದು ಅನುಮಾನ ಇಟ್ಟಿರು," ಎಂದಿದ್ದ.

ಆ ಮಾತನ್ನು ಅವಳು ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಮನಸ್ಸಿಗೆ ಹಚ್ಚಿಕೊಂಡಳು. ಅದಕ್ಕೆ ಕಾರಣವೂ ಇತ್ತು. ಒಮ್ಮೆ ಮೂರು ದಿನದ ರಜೆಗೆ ಮುಂಚೆ ಯಾರೋ ಕಂಬಕ್ಕೆ ಕ್ರಿಮಿ ಕೊಲ್ಲುವ ಕಾಸ್ಟಿಕ್ ಸೋಡಾದ ನೀರು ಬಿಡದೆ, ಬರಿಯ ನೀರು ತುಂಬಿಸಿ ಮನೆಗೆ ಹೋಗಿದ್ದರು. ರಜೆ ಮುಗಿದು ಬಂದಾಗ ಮಣಿಗಳಲ್ಲಿ ಕ್ರಿಮಿ ಬೆಳೆದು ನಾರುತ್ತಿತ್ತು. ಆ ವಾರದ ಪುಡಿಯನ್ನೆಲ್ಲ ಸುಡಬೇಕಾಯಿತು. ಕಾಸ್ಟಿಕ್ ಬಿಡದವರು ಯಾರೆಂದು ಕೇಳಿದಾಗ ಹನ್ನೊಂದು ಜನ ನೆಲ ನೋಡುತ್ತ ಕೂತರು. ಕೊನೆಗೆ ಕಂಬಕ್ಕೆ ಜವಾಬ್ದಾರನೆಂದು ಅಜ್ಜನನ್ನೇ ಮನೆಗೆ ಕಳಿಸಿದರು. ಅವನು ತನ್ನ ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲೆಯೇ ಮರೆತು ಹೋಗಿದ್ದ. ಅದನ್ನು ಕೊಡಲು ಹೋದ ಅವಳಿಗೆ ಅವನ ಮನೆಯವರು ಬಾಗಿಲು ಪೂರ್ತಿ ತೆರೆಯಲಿಲ್ಲ.

ಅಂದಿನಿಂದ ಕಂಬದಕ್ಕ ಬೇರೆಯವರ ತೊಳೆತವನ್ನು ನಂಬುವುದು ಬಿಟ್ಟಳು. ಮನೆಯಲ್ಲೂ ಹಾಗೆಯೇ ಆಯಿತು. ಗಂಡ ತೊಳೆದಿಟ್ಟ ಲೋಟವನ್ನು ಮೂಸಿ ನೋಡದೆ ನೀರು ಕುಡಿದವಳಲ್ಲ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಬಟ್ಟೆ ಕೊಡಲು ಬಂದವರ ಎದುರಿಗೆ, ನಮ್ಮನೆಯವಳು ನನ್ನನ್ನು ಮದುವೆಯಾದದ್ದೂ ಎರಡು ಸಲ ಅಳತೆ ತೆಗೆದ ಮೇಲೆಯೇ ಎಂದು ತಮಾಷೆ ಮಾಡುತ್ತಿದ್ದ.

ಕಾರ್ಖಾನೆಯಲ್ಲಿ ಎರಡು ಕಂಬಗಳಿದ್ದವು. ಒಂದನೆಯದು ಕಂಬದಕ್ಕನದು, ಎರಡನೆಯದನ್ನು ನೋಡಿಕೊಳ್ಳುತ್ತಿದ್ದವಳು ಅವಳ ನಾದಿನಿ, ಅಂದರೆ ದರ್ಜಿಯ ತಂಗಿ. ಆ ಕೆಲಸ ಕೊಡಿಸಿದ್ದು ಕಂಬದಕ್ಕನೇ ಆದರೂ ನಾದಿನಿಯ ಬಾಯಿಗೆ ಬೀಗವಿರಲಿಲ್ಲ. ಎರಡಕ್ಕೂ ಮಣಿ ತುಂಬಿದ್ದು ಒಂದೇ ದಿನ, ಒಂದೇ ಡಬ್ಬದಿಂದ. ಎರಡಕ್ಕೂ ಒಂದೇ ಹಾಲು. ಎರಡರ ಗುಲಾಬಿ ನೀರೂ ಒಂದೇ ತೊಟ್ಟಿಗೆ ಬೀಳುತ್ತಿತ್ತು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಎರಡನ್ನೂ ಕಾಸ್ಟಿಕ್ ನೀರಿನಿಂದ ತೊಳೆಯಲು ಇನ್ನೊಬ್ಬನಿದ್ದ. ಹಳೆಯವನು ನಿವೃತ್ತನಾಗಿ ಏಳು ತಿಂಗಳ ಹಿಂದೆ ಹೊಸಬನೊಬ್ಬ ಬಂದ. ಯಾವ ಹೊತ್ತಿನಲ್ಲೂ ಕೈಗವಸು ತೆಗೆಯದ ಅವನಿಗೆ ಮೂರನೆಯ ದಿನಕ್ಕೇ ಗ್ಲೌಸಣ್ಣ ಎಂಬ ಹೆಸರು ಬಿತ್ತು.

ಕಂಬದಕ್ಕನಿಗೆ ಮೊದಲ ನೋಟಕ್ಕೇ ಅವನು ಸರಿಬರಲಿಲ್ಲ. ಊಟದ ಮನೆಯಲ್ಲೂ ಕೈಗವಸು ಹಾಕಿಕೊಂಡೇ ಚಮಚದಲ್ಲಿ ತಿನ್ನುತ್ತಾನೆ. ಮಾತಾಡುವಾಗ ಎದುರಿಗಿದ್ದವರನ್ನು ಬಿಟ್ಟು ಪೈಪುಗಳನ್ನು ನೋಡುತ್ತಾನೆ. ದಿನವೂ ನಾಲ್ಕು ಗಂಟೆಗೆ ಉಪ್ಪಿನ ತೊಟ್ಟಿಯ ಹಿಂದೆ ಹೋಗಿ ಹತ್ತು ನಿಮಿಷ ಕಾಣಿಸುವುದೇ ಇಲ್ಲ. ಇಷ್ಟೆಲ್ಲ ಮರೆಮಾಚುವವನು ತೊಳೆಯುವುದನ್ನು ಮಾತ್ರ ನೆಟ್ಟಗೆ ತೊಳೆದಾನೆಯೇ? ಅವಳು ಒಂದು ಉಪಾಯ ಮಾಡಿದಳು. ಬೆಳಗ್ಗೆ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದು, ತನ್ನ ಕಂಬವನ್ನು ತಾನೇ ಇನ್ನೊಮ್ಮೆ ತೊಳೆಯತೊಡಗಿದಳು. ನಿಯಮದ ಪ್ರಕಾರ ನೂರು ಪಾಲು ತಣ್ಣೀರಿಗೆ ಎರಡು ಪಾಲು ಕಾಸ್ಟಿಕ್, ಅರ್ಧ ಗಂಟೆ. ಇವಳು ನಾಲ್ಕು ಪಾಲು ಹಾಕಿದಳು. ಕೊಳೆ ಚೆನ್ನಾಗಿ ಬಿಡಲೆಂದು ಬಿಸಿನೀರಿಗೇ ಕಲಸಿದಳು. ಕಂಬವನ್ನು ಮತ್ತೆ ನೀರಿನಿಂದ ತೊಳೆದು, ಕಾಸ್ಟಿಕ್ ಪೈಪನ್ನು ಗೂಟಕ್ಕೆ ನೇತುಹಾಕಿ, ಏನೂ ಮಾಡದವಳಂತೆ ಕೋಟು ತೊಟ್ಟು ನಿಲ್ಲುತ್ತಿದ್ದಳು. ದಿನಚರಿ ಪುಸ್ತಕದಲ್ಲಿ ಬರೆಯಲಿಲ್ಲ. ಬರೆದರೆ ಕೇಳುತ್ತಾರೆ, ಕೇಳಿದರೆ ಅನುಮಾನ ಯಾರ ಮೇಲೆಂದು ಹೇಳಬೇಕು.

ನಾದಿನಿಯ ಕಂಬಕ್ಕೂ ಅದೇ ಉಪಚಾರ ಮಾಡುವ ಆಸೆ ಅವಳಿಗಿತ್ತು. ನಾದಿನಿ ಒಪ್ಪಲಿಲ್ಲ.

"ನನ್ನ ಕಂಬಕ್ಕೆ ಕೈ ಹಾಕ್ಬೇಡಿ ಅತ್ತಿಗೆ. ನಿಮ್ದನ್ನ ಬೇಕಾದ್ರೆ ದಿನಕ್ಕೆ ಮೂರ್ ಸಲ ಸ್ನಾನ ಮಾಡಿಸಿ, ತಲೆ ಬಾಚಿ, ಬೊಟ್ಟಿಡಿ."

ನಾಲ್ಕು ತಿಂಗಳು ಕಳೆದ ಮೇಲೆ ಪುಡಿ ಕಡಿಮೆಯಾಗತೊಡಗಿತು. ಎರಡು ಕಂಬಕ್ಕೂ ಸೇರಿ ದಿನಕ್ಕೆ ಒಂದೂವರೆ ಕೆಜಿ ಬರುತ್ತಿದ್ದದ್ದು ಸ್ವಲ್ಪಸ್ವಲ್ಪವಾಗಿ ಇಳಿದು, ಏಳನೆಯ ತಿಂಗಳಿಗೆ ಒಂದೂಕಾಲಿಗೆ ಬಂತು. ಮ್ಯಾನೇಜರು ತಕ್ಕಡಿ ಬದಲಾಯಿಸಿದರು. ಹಾಲು ಕಳಿಸುವವರ ಜೊತೆ ಜಗಳವಾಡಿದರು. ಒಣಗಿಸುವ ಯಂತ್ರವನ್ನು ಬಿಚ್ಚಿ ಮೂಲೆಮೂಲೆ ಕೆರೆಸಿದರು. ಕಾಲು ಕೆಜಿ ಎಲ್ಲೂ ಸಿಗಲಿಲ್ಲ. ಕೊನೆಗೆ ಒಬ್ಬೊಬ್ಬರನ್ನೇ ಕೋಣೆಗೆ ಕರೆದು ವಿಚಾರಿಸಿದಾಗ ಕಂಬದಕ್ಕ ಮೆಲ್ಲಗೆ, "ನಾನು ಯಾರ ಹೆಸರೂ ಹೇಳಲ್ಲ ಸಾರ್. ಯಾರು ಬಂದ್ಮೇಲೆ ಕಡಿಮೆ ಆಗಿದ್ದು ಅಂತ ನೀವೇ ಲೆಕ್ಕ ಹಾಕಿ," ಎಂದು ಬಂದಳು.

ಮ್ಯಾನೇಜರು ಲೆಕ್ಕ ಹಾಕಿದರು. ಮರುದಿನದಿಂದ ಗೇಟಿನಲ್ಲಿ ಗ್ಲೌಸಣ್ಣನ ಚೀಲವನ್ನು ಕಾವಲುಗಾರ ತೆರೆಸಿ ನೋಡತೊಡಗಿದ. ಗ್ಲೌಸಣ್ಣ ಚೀಲವನ್ನು ಮೇಜಿನ ಮೇಲಿಟ್ಟು, ಗೋಡೆಯ ಗಡಿಯಾರ ನೋಡುತ್ತ ನಿಲ್ಲುತ್ತಿದ್ದ. ಅದರಲ್ಲಿ ಊಟದ ಡಬ್ಬಿ, ಮಡಿಸಿದ ಅಂಗಿ, ಒಂದು ಪುಟ್ಟ ತಗಡಿನ ಡಬ್ಬಿ. ಪುಟ್ಟ ಡಬ್ಬಿಯಲ್ಲಿ ಬರೀ ಕಾಗದದ ಚೂರುಗಳು ಎಂದು ಕಾವಲುಗಾರ ವರದಿ ಕೊಟ್ಟ. ಇಷ್ಟು ಜಾಗ್ರತೆ ಮಾಡುವವನ ಚೀಲದಲ್ಲಿ ಏನೂ ಸಿಗದಿರುವುದೇ ಕಂಬದಕ್ಕನಿಗೆ ಇನ್ನೊಂದು ಸಾಕ್ಷಿಯಾಯಿತು.

ಒಂದು ದಿನ ನಾಲ್ಕು ಗಂಟೆಗೆ ಅವಳು ಚಪ್ಪಲಿ ಬಿಟ್ಟು ಉಪ್ಪಿನ ತೊಟ್ಟಿಯ ಹಿಂದಕ್ಕೆ ಹೋಗಿ ಇಣುಕಿದಳು. ಗ್ಲೌಸಣ್ಣ ಕೈಗವಸು ಬಿಚ್ಚಿ ಮುಲಾಮು ಹಚ್ಚಿಕೊಳ್ಳುತ್ತಿದ್ದ. ಮಣಿಕಟ್ಟಿನಿಂದ ಮೇಲೆ ಚರ್ಮ ಸುಲಿದು ಕೆಂಪಾಗಿತ್ತು. ಇವಳನ್ನು ಕಂಡವನೇ ಅಂಗಿಯ ತೋಳು ಇಳಿಸಿಕೊಂಡ.

"ಏನದು?" ಎಂದಳು.

"ಏನಿಲ್ಲ ಅಕ್ಕ. ಯಾರ್ಗೋ ಗೊತ್ತಿರ್ಬೇಕು," ಎಂದು ಅವಳ ಮುಖವನ್ನು ಮೊದಲ ಸಲ ನೇರವಾಗಿ ನೋಡಿದ.

ಯಾರಿಗೋ ಗೊತ್ತಿರಬೇಕು ಎಂದರೆ ಏನರ್ಥ? ಆ ಮಾತನ್ನು ಅವಳು ಸಂಜೆಯವರೆಗೂ ಮಗುಚಿ ಹಾಕಿದಳು. ಗಾಯವಿದ್ದವನು ಅದನ್ನು ಮುಚ್ಚಿಡುವುದೇಕೆ? ಮನೆಗೆ ಹೋಗಿ ಗಂಡನಿಗೆ ಹೇಳಿದಳು. ದರ್ಜಿ ದಾರವನ್ನು ಸೂಜಿಗೆ ಪೋಣಿಸುತ್ತ, ಕೈ ಸುಟ್ಟುಕೊಂಡವನು ಕೈಗವಸು ಹಾಕಿಕೊಳ್ಳದೆ ಟೋಪಿ ಹಾಕಿಕೊಳ್ಳಬೇಕಾಗಿತ್ತೇ ಎಂದು ಕೇಳಿದ.

ಶನಿವಾರ ಮ್ಯಾನೇಜರು ಅವಳನ್ನು ಕರೆದರು. ಸೋಮವಾರ ಬೆಳಗ್ಗೆ ವಿಚಾರಣೆ; ಪುಡಿ ಕದ್ದನೆಂದು ಗ್ಲೌಸಣ್ಣನನ್ನು ಕೆಲಸದಿಂದ ತೆಗೆಯುವುದು ಹೆಚ್ಚುಕಡಿಮೆ ತೀರ್ಮಾನವಾಗಿದೆ; ಮೂವತ್ತು ವರ್ಷದ ಅನುಭವವಿರುವ ಆಕೆ ತನ್ನ ಮಾತನ್ನು ಬರೆದು ಕೊಡಬೇಕು. ಕಂಬದಕ್ಕ ಬಿಳಿಹಾಳೆ ಹಿಡಿದುಕೊಂಡು ಕಂಬದ ಬಳಿಗೆ ಬಂದಳು. ಬರೆಯುವುದಾದರೆ ಖಚಿತವಾಗಿ ಬರೆಯಬೇಕು, ಅದು ಅವಳ ಗುಣ. ಎಷ್ಟು ಕದ್ದಿದ್ದಾನೆ? ಉಪ್ಪುನೀರು ಬಿಡುವ ಮುಂಚೆ ಕಂಬದಲ್ಲಿ ಎಷ್ಟು ಗುಲಾಬಿ ಇತ್ತು, ಆಮೇಲೆ ತೊಟ್ಟಿಯಲ್ಲಿ ಎಷ್ಟು ಸಿಕ್ಕಿತು ಎಂಬುದರ ವ್ಯತ್ಯಾಸವೇ ಕಳ್ಳತನ. ಹಾಗೆಂದುಕೊಂಡು, ಇನ್ನೂ ಉಪ್ಪುನೀರು ಬಿಡದ ಕಂಬದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗಾಜಿಗೆ ಮುಖ ಹತ್ತಿರ ತಂದಳು.

ಗುಲಾಬಿ ಪಟ್ಟಿ ಮೇಲಿನಿಂದ ಮಣಿಗಳ ಮುಕ್ಕಾಲು ಭಾಗದವರೆಗೆ ಗಾಢವಾಗಿ ನಿಂತು ಅಲ್ಲಿಗೇ ಮುಗಿಯಬೇಕು. ತಳದ ಕಾಲು ಭಾಗ ಬಿಳಿಯಾಗಿರಬೇಕು. ಈಗ ಮೇಲಿನಿಂದ ಕೆಳಗಿನವರೆಗೂ ಒಂದೇ ಸಮನೆ, ತೊಳೆದು ತೊಳೆದು ಮಾಸಿದ ಬಟ್ಟೆಯಂಥ ತಿಳಿಗುಲಾಬಿ.

ಅವಳು ಕೂತಲ್ಲೇ ಕೂತಳು. ಕಂಬದೊಳಗೇ ಗುಲಾಬಿ ಕಡಿಮೆಯಿದ್ದರೆ ಕಳ್ಳ ಕದಿಯುವುದೇನನ್ನು? ಬಣ್ಣ ಒಂದು ದಿನಕ್ಕೆ ಹೀಗಾದದ್ದಲ್ಲ, ತಿಂಗಳುಗಟ್ಟಲೆ ಇಳಿದಿದೆ. ಅಷ್ಟು ದಿನವೂ ಅವಳು ಕಂಬದ ಎದುರಿಗೇ ನಿಂತಿದ್ದಳು. ಕಣ್ಣು ಮಾತ್ರ ಗ್ಲೌಸಣ್ಣನ ಬೆನ್ನ ಮೇಲಿತ್ತು. ಎದ್ದು ನಾದಿನಿಯ ಕಂಬಕ್ಕೆ ಹೋದಳು. ಅಲ್ಲಿ ಪಟ್ಟಿ ಮೇಲಿನ ಮುಕ್ಕಾಲು ಭಾಗಕ್ಕೆ, ಮೊದಲಿನ ಗಾಢ ಬಣ್ಣದಲ್ಲಿ, ಗೆರೆ ಎಳೆದಂತೆ ನಿಂತಿತ್ತು.

ಬೀರುವಿನಿಂದ ಅಜ್ಜನ ಕಾಲದ ಎರಡು ಗಾಜಿನ ಕೊಳವೆಗಳನ್ನು ತೆಗೆದಳು. ಇನ್ನೂ ಬಳಸದ ಹೊಸ ಮಣಿಗಳನ್ನು ಎರಡಕ್ಕೂ ತುಂಬಿದಳು. ಒಂದಕ್ಕೆ ತನ್ನ ಕಂಬದಿಂದ ಹೊರಟ ಹಾಲನ್ನು, ಇನ್ನೊಂದಕ್ಕೆ ನಾದಿನಿಯ ಕಂಬದಿಂದ ಹೊರಟ ಹಾಲನ್ನು ಬಿಟ್ಟಳು. ನೀರಿನಿಂದ ತೊಳೆದಾಗ ನಾದಿನಿಯ ಕೊಳವೆ ಬೆಳ್ಳಗೇ ಉಳಿಯಿತು. ಅವಳ ಕೊಳವೆಯಲ್ಲಿ ಗುಲಾಬಿ ಉಂಗುರವೊಂದು ಮೂಡಿತು. ಕಾಲು ಕೆಜಿ ಹೋಗುತ್ತಿದ್ದದ್ದು ಅಲ್ಲಿಗೆ. ಹಿಡಿಯಲಾರದ ಮಣಿಗಳಿಂದ ಜಾರಿ, ಬಿಳಿ ಹಾಲಿನಲ್ಲಿ ಕಾಣದೆ ಸೇರಿ, ಪಕ್ಕದ ಕಾರ್ಖಾನೆಗೆ ಹರಿದು ಹೋಗುತ್ತಿತ್ತು.

ಅದೇ ಡಬ್ಬದ ಮಣಿ, ಅದೇ ಹಾಲು, ತೊಳೆಯುವವನೂ ಅವನೇ. ಒಂದು ಕಂಬ ಗಟ್ಟಿಮುಟ್ಟಾಗಿದೆ, ಇನ್ನೊಂದು ಸೋತಿದೆ. ಎರಡರ ನಡುವೆ ಇರುವ ವ್ಯತ್ಯಾಸವನ್ನು ಅವಳು ಬೆರಳು ಮಡಿಸಿ ಎಣಿಸಲು ಹೋದಳು. ಮೊದಲ ಬೆರಳಿಗೇ ಎಣಿಕೆ ಮುಗಿಯಿತು. ಬೆಳಗಿನ ಒಂದು ಗಂಟೆ. ಎರಡು ಪಾಲಿನ ತಣ್ಣನೆಯ ಕಾಸ್ಟಿಕ್ಕನ್ನು ತಾಳಿಕೊಳ್ಳುವ ಮಣಿಗಳಿಗೆ ಏಳು ತಿಂಗಳು ನಾಲ್ಕು ಪಾಲಿನ ಬಿಸಿ ಕಾಸ್ಟಿಕ್ ಕುಡಿಸಿದ್ದಳು.

ನಾದಿನಿ ಬೆನ್ನ ಹಿಂದೆ ಬಂದು ನಿಂತಿದ್ದು ಅವಳಿಗೆ ತಿಳಿಯಲಿಲ್ಲ. ಎರಡೂ ಕೊಳವೆಗಳನ್ನು ನೋಡಿದ ನಾದಿನಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಎಂದೂ ಇಳಿಯದ ಅವಳ ದನಿ ಅಂದು ಇಳಿದಿತ್ತು.

"ಅತ್ತಿಗೆ, ಇದನ್ನ ತೊಳ್ದು ಒಳಗಿಡಿ. ಮಣಿಗೆ ವಯಸ್ಸಾಯ್ತು ಅಂದ್ರೆ ಹೊಸ ಮಣಿ ತರಿಸ್ತಾರೆ. ಯಾರು ಕೇಳ್ತಾರೆ?"

"ಅವನು?"

"ಅವನಿಗೆ ಇನ್ನೊಂದ್ ಕಡೆ ಕೆಲಸ ಸಿಗುತ್ತೆ. ನಿಮಗೆ ಈ ವಯಸ್ಸಲ್ಲಿ ಯಾರು ಕೊಡ್ತಾರೆ?"

ಕಳ್ಳನೆಂದು ಹೊರಗೆ ಹಾಕಿದವನಿಗೆ ಕೆಲಸ ಯಾರು ಕೊಡುತ್ತಾರೆ ಎಂದು ಕಂಬದಕ್ಕ ಕೇಳಲಿಲ್ಲ. ಕೊಳವೆಗಳನ್ನು ತೊಳೆಯಲೂ ಇಲ್ಲ. ಒದ್ದೆ ಬಟ್ಟೆ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡಳು. ಭಾನುವಾರವೆಲ್ಲ ಅವು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದವು. ದರ್ಜಿ ಎರಡು ಸಲ ಅವುಗಳನ್ನು ನೋಡಿ, ಹೆಂಡತಿಯನ್ನು ನೋಡಿ, ಯಂತ್ರದ ಮುಂದೆ ಹೋಗಿ ಕೂತ. ನಾದಿನಿ ಯಾರಿಗಾದರೂ ಹೇಳಿಬಿಟ್ಟರೆ ಎಂಬ ಅನುಮಾನ ಅವಳನ್ನು ಕಾಡಿತು. ನಾದಿನಿ ಯಾರಿಗೂ ಹೇಳದಿದ್ದರೆ ತಾನು ಸುಮ್ಮನಿದ್ದುಬಿಡುತ್ತೇನೇನೋ ಎಂಬ ಅನುಮಾನ ಅದಕ್ಕಿಂತ ಹೆಚ್ಚಾಗಿ ಕಾಡಿತು.

ಸೋಮವಾರ ಮ್ಯಾನೇಜರ ಕೋಣೆಯಲ್ಲಿ ಎಂಟು ಕುರ್ಚಿ ಹಾಕಿದ್ದರು. ಕಂಬದಕ್ಕನ ಹಾಳೆ ಇನ್ನೂ ಬಿಳಿಯಾಗಿಯೇ ಅವಳ ತೊಡೆಯ ಮೇಲಿತ್ತು. ಏನಾದರೂ ಹೇಳುವುದಿದೆಯೇ ಎಂದು ಮ್ಯಾನೇಜರು ಕೇಳಿದಾಗ ಗ್ಲೌಸಣ್ಣ ಚೀಲದಿಂದ ಆ ತಗಡಿನ ಡಬ್ಬಿಯನ್ನು ತೆಗೆದು ಮೇಜಿನ ಮೇಲೆ ಸುರಿದ. ಕಡುನೀಲಿ ಬಣ್ಣದ ಕಾಗದದ ಚೂರುಗಳು, ನೂರಕ್ಕೂ ಹೆಚ್ಚು. ಕಾಸ್ಟಿಕ್ ಸೋಕಿದರೆ ನೀಲಿಯಾಗುವ ಪರೀಕ್ಷೆಯ ಕಾಗದ. ಪ್ರತಿಯೊಂದರ ಬೆನ್ನಿಗೂ ತಾರೀಕು ಬರೆದಿತ್ತು.

ಅವನು ಮೆಲ್ಲಗೆ ವಿವರಿಸಿದ. ಕಾಸ್ಟಿಕ್ ಪೈಪನ್ನು ದಿನವೂ ತೊಳೆದು, ಒಣಗಿಸಿ ನೇತುಹಾಕಿ ಹೋಗುತ್ತಾನೆ. ಮರುದಿನ ತೆಗೆದರೆ ಒಳಗೆ ಕಾಸ್ಟಿಕ್ ತುಂಬಿರುತ್ತದೆ, ಮೈಮೇಲೆ ಚಿಮ್ಮುತ್ತದೆ, ಕೈಗವಸಿನ ಅಂಚಿನಿಂದ ಒಳಗೆ ಇಳಿಯುತ್ತದೆ. ಹಳೆಯ ಕಾರ್ಖಾನೆಯಲ್ಲಿ ಸುಟ್ಟ ಕೈ, ಇಲ್ಲಿಗೆ ಬಂದ ಮೇಲೆ ವಾಸಿಯಾಗಲೇ ಇಲ್ಲ. ತನ್ನನ್ನು ಇಲ್ಲಿಂದ ಓಡಿಸಬೇಕೆಂದು ಯಾರೋ ಬೇಕೆಂದೇ ತುಂಬಿಸಿಡುತ್ತಿದ್ದಾರೆ. ಯಾರೆಂದು ತಿಳಿಯದೆ ದೂರು ಕೊಡುವುದು ಹೇಗೆಂದು, ದಿನವೂ ಪೈಪಿನ ಬಾಯಿಗೆ ಸೋಕಿಸಿದ ಕಾಗದ ಕೂಡಿಡುತ್ತಿದ್ದ.

ಮ್ಯಾನೇಜರು ಒಂದು ಚೂರನ್ನು ಎತ್ತಿ ನೋಡಿ ಕೆಳಗಿಟ್ಟರು. "ಕಾಗದಾನ ಕಾಸ್ಟಿಕ್ಕಲ್ಲಿ ಅದ್ದೋದು ಯಾರಿಗೆ ಬರಲ್ಲ? ಆ ಪೈಪು ಮುಟ್ಟೋರು ನೀನೊಬ್ನೇ ಅಲ್ವಾ?" ಎಂದರು.

ಗ್ಲೌಸಣ್ಣ ಕುರ್ಚಿಗಳನ್ನು ಒಂದೊಂದಾಗಿ ನೋಡಿದ. ಎಲ್ಲರೂ ನೆಲ ನೋಡುತ್ತಿದ್ದರು. ನಾದಿನಿ ತನ್ನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಆ ಪೈಪು ನಾನು ಬಳಸ್ತಿದ್ದೆ ಸಾರ್," ಎಂದಳು ಕಂಬದಕ್ಕ. "ಏಳು ತಿಂಗಳಿಂದ, ದಿನಾ ಬೆಳಗ್ಗೆ. ಕಂಬ ತೊಳೆದೆ, ಪೈಪು ತೊಳೀಲಿಲ್ಲ."

ಕೊಳವೆಗಳೆರಡನ್ನೂ ಮೇಜಿನ ಮೇಲೆ ನಿಲ್ಲಿಸಿ ಎಲ್ಲವನ್ನೂ ಹೇಳಿದಳು. ಬಿಸಿನೀರಿನ ಮಾತು ಬಂದಾಗ ಮ್ಯಾನೇಜರು ಕಣ್ಣುಮುಚ್ಚಿದರು. ಏಕೆ ಬರೆದಿಡಲಿಲ್ಲ ಎಂದು ಕೇಳಿದ್ದಕ್ಕೆ, ಇವರು ತೊಳೆಯುವುದಿಲ್ಲವೆಂಬ ಅನುಮಾನವಿತ್ತು ಎಂದಳು. ಅನುಮಾನವಿದ್ದರೆ ಒಂದು ದಿನ ನಿಂತು ನೋಡಬಹುದಾಗಿತ್ತಲ್ಲ ಎಂದು ಗ್ಲೌಸಣ್ಣ ಕೇಳಿದ. ತೊಟ್ಟಿಯ ಹಿಂದೆ ಇಣುಕಿದವಳಿಗೆ ತೊಳೆಯುವ ಹೊತ್ತಿನಲ್ಲಿ ಎದುರಿಗೆ ನಿಲ್ಲಬೇಕೆಂದು ಹೊಳೆದೇ ಇರಲಿಲ್ಲ.

ಗ್ಲೌಸಣ್ಣ ಉಳಿದ. ಕಂಬದಕ್ಕನನ್ನು ಕಂಬದಿಂದ ಇಳಿಸಿ, ಸೀಸೆ ತೊಳೆಯುವ ಕೋಣೆಯ ಮೇಲ್ವಿಚಾರಣೆಗೆ ಹಾಕಿದರು. ಸಂಬಳವನ್ನೂ ಒಂದು ಮೆಟ್ಟಿಲು ಇಳಿಸಿದರು. ಆದರೆ ಸೋತ ಮಣಿಗಳನ್ನು ಹೊರಗೆ ತೆಗೆದು ಹೊಸದನ್ನು ತುಂಬಬೇಕಾಗಿತ್ತು, ಮತ್ತು ಮೀಟರು ಅಗಲದ ಕಂಬಕ್ಕೆ ಒಂದೇ ಉಸಿರಿಗೆ ಮಣಿ ಸುರಿಯಬಲ್ಲವರು ಇಡೀ ಕಾರ್ಖಾನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆ ಒಂದು ದಿನಕ್ಕೆ ಅವಳನ್ನು ಕರೆಸಿದರು. ಗ್ಲೌಸಣ್ಣ ಜೊತೆಗಿರಬೇಕೆಂದು ಹುಕುಂ ಆಯಿತು. ಅವನು ಅವಳ ಎಡಗಡೆ ನಿಂತು ನೀರಿನ ಬಿಸಿ ನೋಡಿದ, ಮಣಿಯ ತೂಕ ನೋಡಿದ, ಅವಳು ಬಕೆಟ್ಟಿನ ಕಡೆಗೆ ಕೈ ಚಾಚಿದಾಗಲೆಲ್ಲ ಕೈಯನ್ನೂ ನೋಡಿದ. ಮೂವತ್ತು ವರ್ಷದಲ್ಲಿ ಅವಳನ್ನು ಹಾಗೆ ಯಾರೂ ಕಾವಲು ಕಾದಿರಲಿಲ್ಲ. ಒಂದು ಗುಳ್ಳೆಯೂ ಉಳಿಯದಂತೆ ಮಣಿಗಳು ಕೂತವು.

ಕೆಲಸ ಮುಗಿದ ಮೇಲೆ ಗ್ಲೌಸಣ್ಣ ಕಾಸ್ಟಿಕ್ಕಿನ ಬೀರುವಿಗೆ ಹೊಸದಾಗಿ ತಂದಿದ್ದ ಬೀಗ ಹಾಕಿದ. ಯಾರ ಸಲುವಾಗಿ ಆ ಬೀಗ ಬಂದಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಕಂಬದಕ್ಕ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ಬಂದು, ಬೀಗವನ್ನು ಹಿಡಿದು ಎರಡು ಸಲ ಜಗ್ಗಿ ನೋಡಿದಳು.

"ಬಿದ್ದಿದೆಯಾ?" ಎಂದ ಗ್ಲೌಸಣ್ಣ.

"ಬಿದ್ದಿದೆ. ಕೀಲಿ ಎಲ್ಲಿಡ್ತೀರಿ?"

ಅವನು ಕೀಲಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಅದನ್ನ ನಿಮಗೆ ಹೇಳಲ್ಲ ಅಕ್ಕ," ಎಂದ.

"ಹೇಳ್ಬೇಡಿ," ಎಂದು ಕಂಬದಕ್ಕ ಸೀಸೆಗಳ ಕೋಣೆಯ ಕಡೆಗೆ ನಡೆದಳು.